ಯಾರೂ ತುಳಿಯದ ನೀರು

ಮೊದಲ ಮೀನು ಸತ್ತಾಗ ನನಗೆ ಐದು ತಿಂಗಳು ತುಂಬಿತ್ತು. ಅದಕ್ಕೂ ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿದ್ದರಿಂದ, ಈ ಸಲ ಮಂಚ ಬಿಟ್ಟು ಇಳಿಯಲೇಬಾರದೆಂದು ಕಲಬುರಗಿಯ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಲಗಿ ಮಲಗಿ ನನ್ನ ತಲೆ ಕೆಟ್ಟೀತೆಂದು ಗಂಡ ಗಾಜಿನ ತೊಟ್ಟಿಯೊಂದನ್ನೂ ಹಿಡಿಯಷ್ಟು ಕೆಂಪು ಮೀನುಗಳನ್ನೂ ತಂದು ಮಂಚದ ಎದುರಿಗೇ ಇಟ್ಟರು. ಅಫಜಲಪುರದ ಆ ಬಾಡಿಗೆ ಮನೆಯ ಪಡಸಾಲೆಯಲ್ಲಿ ನನಗೆ ನೋಡಲು ಇದ್ದದ್ದು ಅದು, ಇಲ್ಲವೆಂದರೆ ಫ್ಯಾನು.

ಸತ್ತ ಮೀನನ್ನು ಅತ್ತೆ ಕಾಗದದಲ್ಲಿ ಸುತ್ತಿ ಹೊರಗೊಯ್ದರು. ಒಳಗೆ ಬಂದು, ನನ್ನ ಸಮಾಧಾನಕ್ಕೆಂದೇ ಹೇಳಿದರು: "ಹೋಗ್ಲಿ ಬಿಡವಾ. ಮನಿ ಮ್ಯಾಲ ಬರೋದು ಮೀನಿನ ಮ್ಯಾಲ ಹೋಗ್ತದಂತ. ಚಲೋನೇ ಆತು."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಂಥ ಮಾತಿಗೆ ನಗುವವಳು. ಎರಡನೆಯದು ಸತ್ತಾಗ ನಗು ಬರಲಿಲ್ಲ. ಮೂರನೆಯದಕ್ಕೆ, ಇನ್ನೆಷ್ಟು ಉಳಿದಿವೆಯೆಂದು ಎಣಿಸಿದೆ. ಮೀನಿನ ಮೇಲೆ ಹೋಗುತ್ತದೆ, ಸರಿ. ಮೀನುಗಳೇ ಮುಗಿದ ಮೇಲೆ? ಬಾಯಿ ಬಿಟ್ಟು ಯಾರನ್ನೂ ಕೇಳಲಿಲ್ಲ. ಬೆಳಗಾದರೆ ಕಣ್ಣು ತೆರೆಯದೆ ಮೊದಲು ಹೊಟ್ಟೆಯ ಮೇಲೆ ಕೈಯಿಡುತ್ತಿದ್ದೆ. ಕೂಸು ಮಿಸುಕಿತೆಂದರೆ ಮಾತ್ರ ತೊಟ್ಟಿಯ ಕಡೆ ತಿರುಗುವ ಧೈರ್ಯ ಬರುತ್ತಿತ್ತು.

ಗಂಡ ಮೊದಲು ಬೋರಿನ ನೀರನ್ನು ಬೈದರು. ನಮ್ಮ ಓಣಿಯ ಬೋರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನಿಗೆ ನೊರೆ ಬರುವುದಿಲ್ಲ. ಮೂರನೆಯದು ಸತ್ತ ದಿನ ಮಧ್ಯಾಹ್ನವೇ ತೊಟ್ಟಿ ಬರಿದು ಮಾಡಿ ನಳದ ಸಿಹಿನೀರು ತುಂಬಿದರು. ಕೆಲವು ದಿನ ಮೀನುಗಳು ಚುರುಕಾಗಿದ್ದವು. ಆಮೇಲೆ ಮತ್ತೊಂದು ತೇಲಿತು. ಅಂಗಡಿಯವನಿಗೆ ಫೋನು ಮಾಡಿದರೆ ಅವನು, "ರೋಗ ಇರ್ಬೇಕ್ರಿ, ಒಂದ್ ಚಿಟಿಕಿ ಹರಳುಪ್ಪು ಹಾಕ್ರಿ. ಜಾಸ್ತಿ ಬ್ಯಾಡ್ರಿ ಮತ್ತ, ಇವು ಸಿಹಿನೀರಿನ ಮೀನ" ಎಂದ. ಗಂಡ ನನ್ನ ಕಣ್ಣೆದುರೇ ಚಿಟಿಕೆ ಹಾಕಿದರು. ಅದಾದ ಮೇಲೆ ಒಟ್ಟಿಗೇ ಎರಡು ಸತ್ತವು.

ಒಂದೊಂದು ಮೀನು ಸತ್ತ ಸಂಜೆಯೂ ಅತ್ತೆ ನನಗೆ ದೃಷ್ಟಿ ತೆಗೆಯುತ್ತಿದ್ದರು. ಅವರು ಅತನೂರಿನ ಒಕ್ಕಲು ಮನೆಯವರು, ಸೊಸೆ ಬಸುರಿಯೆಂದು ಊರು ಬಿಟ್ಟು ಬಂದವರು. ಮುಷ್ಟಿ ತುಂಬ ಹರಳುಪ್ಪು ಹಿಡಿದು, ನಾಯಿ ಕಣ್ಣು, ನರಿ ಕಣ್ಣು, ಓಣಿಯವರ ಕಣ್ಣು ಎನ್ನುತ್ತ ನನ್ನ ತಲೆಯಿಂದ ಪಾದದವರೆಗೆ ಇಳಿಸುವರು. ನಿವಾಳಿಸಿದ್ದು ಎಲ್ಲಿ ಹೋಯಿತೆಂದು ನಾನು ನೋಡಕೂಡದು. ನೋಡಿದರೆ ತೆಗೆದದ್ದು ತಿರುಗಿ ಬರುತ್ತದಂತೆ. ಮಾತೇಕೆ ಬೆಳೆಸಲಿ ಎಂದು ನಾನೂ ಗೋಡೆಯ ಕಡೆ ಹೊರಳುತ್ತಿದ್ದೆ.

ಕೊನೆಗೆ ಎರಡೇ ಮೀನು ಉಳಿದವು. ಅವತ್ತು ನನಗೆ ತಡೆಯಲಾಗಲಿಲ್ಲ. ಡಾಕ್ಟರ ಮಾತು ಮೀರಿ ಇಳಿದು, ತೊಟ್ಟಿಯಲ್ಲಿ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡೆ. ಸಾರಿಗೆ ಎರಡು ಸಲ ಉಪ್ಪು ಬಿದ್ದ ಹಾಗಿತ್ತು. ತಲೆದಿಂಬಿನ ಬಳಿ ತಂಬಿಗೆಯಲ್ಲಿದ್ದ ನಳದ ನೀರು ಸಪ್ಪಗಿತ್ತು.

ಗಂಡ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಹರಿಹಾಯ್ದೆ. "ಚಿಟಿಕಿ ಅಂದ್ರ ಎಷ್ಟ್ರಿ ನಿಮ್ಮ ಲೆಕ್ಕದಾಗ? ಬೊಗಸಿ ಏನು?"

"ನಿನ್ನಾಣಿ, ಒಂದ್ ಚಿಟಿಕಿ ಬಿಟ್ಟು ನಾ ಏನೂ ಹಾಕಿಲ್ಲ."

ನಂಬಲಿಲ್ಲ. ಅವರು ಮುಖ ಊದಿಸಿಕೊಂಡು ಹೊರಗೆ ಹೋದರು. ನಮ್ಮ ಜಗಳ ಕೇಳಿದ ಅತ್ತೆ, ಇದೂ ಯಾರದೋ ಕಣ್ಣೇ ಎಂದು ಉಪ್ಪು ಹಿಡಿದೇ ಬಂದರು. ಇಳಿಸಿದರು. ಹೊರಳಿಕೋ ಎಂದರು. ಹೊರಳಿದೆ, ಆದರೆ ಸಿಟ್ಟಿಗೆ ಕಣ್ಣು ಮುಚ್ಚಲಾಗಲಿಲ್ಲ. ಗಾಜಿನ ಮುಚ್ಚಳ ಕಿರ್ರೆಂದಿತು. ತಿರುಗಿ ನೋಡಿದರೆ ಅತ್ತೆಯ ಮುಷ್ಟಿ ತೊಟ್ಟಿಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

"ಅತ್ತೀ!"

ಅವರು ಬೆಚ್ಚಿಬಿದ್ದರು. "ಯಾಕ್ ನೋಡಿದಿ? ಅಯ್ಯ, ಯಾಕ್ ನೋಡಿದೆವ್ವಾ?"

"ಅದರಾಗ ಯಾಕ ಹಾಕಾಕತ್ತೀರಿ?"

"ಮತ್ತೆಲ್ಲಿ ಹಾಕ್ಲಿ? ದೃಷ್ಟಿ ಉಪ್ಪು ಯಾರೂ ತುಳೀಲಾರದ ನೀರಿಗೆ ಬಿಡ್ಬೇಕು. ಊರಾಗ ಬಾವಿ ಇತ್ತು. ಇಲ್ಲಿ ಗಟಾರ ದಾಟ್ಕೋತ ಮಂದಿ ತಿರುಗ್ತಾರ, ಬಚ್ಚಲದಾಗ ನಾವೇ ನಿಂದಿರ್ತೀವಿ."

"ಉಪ್ಪಿಗಿ ಮೀನ ಸಾಯ್ತಾವ್ರಿ!"

"ಸಮುದ್ರದಾಗ ಮೀನ ಇರಂಗಿಲ್ಲೇನು?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ಸಮುದ್ರದ ಮೀನೇ ಬೇರೆ, ಇವೇ ಬೇರೆ. ಒಂದು ಸತ್ತರೆ ನೀವು ಉಪ್ಪು ಹಾಕುತ್ತೀರಿ, ಹಾಕಿದ್ದಕ್ಕೆ ಇನ್ನೊಂದು ಸಾಯುತ್ತದೆ. ಅವನ್ನೆಲ್ಲ ಕೊಂದದ್ದು ನಿಮ್ಮ ಕೈ, ಒಂದೊಂದು ತೇಲಿದಾಗಲೂ ಇಲ್ಲಿ ನನ್ನ ಜೀವ ಹೋಗಿ ಬಂದಿದೆ ಎಂದೆ.

ಅವರು ತೊಟ್ಟಿಯ ಮುಚ್ಚಳ ಮುಚ್ಚಿದರು. "ನಾ ಒಂದೊಂದ್ ತೇಲಿದಾಗೂ, ನಿನ್ನ ಮ್ಯಾಲಿಂದೊಂದ್ ಹೋತು ಅಂದ್ಕೊಂಡಿದ್ನೆವಾ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.

ನೀರು ಬದಲಿಸಿದ ಮೇಲೆ ಆ ಎರಡು ಮೀನು ಬದುಕಿಕೊಂಡವು. ಕಾರಣ ಸಿಕ್ಕಿತ್ತು, ನನ್ನ ಭಯ ಹೋಗಬೇಕಿತ್ತು. ಆದರೆ ಅತ್ತೆ ಈಗ ನನ್ನನ್ನು ಮುಟ್ಟುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಿದ್ದವರು ಬಟ್ಟಲನ್ನು ಸ್ಟೂಲಿನ ಮೇಲಿಟ್ಟು ಸರಿದುಬಿಡುವರು. ಕರೆದರೆ ಬಾಗಿಲಲ್ಲೇ ನಿಂತು ಓಗೊಡುವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಾನು ಆಡಿಬಿಟ್ಟಿದ್ದೆ.

ಎಂಟು ತಿಂಗಳಲ್ಲಿ ಒಂದು ದಿನ ಬೆಳಗಿನಿಂದ ಕೂಸು ಮಿಸುಕಲಿಲ್ಲ. ಎಡಕ್ಕೆ ಹೊರಳಿದೆ, ತಣ್ಣೀರು ಕುಡಿದೆ, ಬೆಲ್ಲ ತಿಂದೆ. ಏನೂ ಇಲ್ಲ. ಗಂಡ ಕಾರು ತರಲು ಓಡಿದರು. ನಾನು ಅತ್ತೆಯನ್ನು ಕೂಗಿದೆ. "ದೃಷ್ಟಿ ತೆಗೀರಿ ಅತ್ತಿ."

ಅವರು ಎರಡೂ ಕೈ ಸೆರಗಿನಲ್ಲಿ ಬಚ್ಚಿಟ್ಟುಕೊಂಡರು. "ಬ್ಯಾಡವಾ. ಈ ಕೈ ಚಲೋ ಇಲ್ಲ."

ಕಾರಿನಲ್ಲೂ ಅವರು ಬಾಗಿಲಿಗೆ ಅಂಟಿಕೊಂಡು ಕೂತರು. ಊರು ದಾಟುತ್ತಲೇ ನಾನು ಅವರ ಕೈ ಎಳೆದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಕಲಬುರಗಿ ಬರುವವರೆಗೂ ಅದನ್ನು ಒತ್ತಿ ಹಿಡಿದಿದ್ದೆ. ಹೊಟ್ಟೆ ಮಾತ್ರ ಸುಮ್ಮನೇ ಇತ್ತು.

ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. ಅಲ್ಲಿಟ್ಟರು, ಇಲ್ಲಿಟ್ಟರು. ಆಮೇಲೆ ದಬದಬ ಎಂಬ ಸದ್ದು ಕೋಣೆಯ ತುಂಬ ಕೇಳಿತು, ಕೂಸಿನ ಎದೆ ಬಡಿತ. ಅತ್ತೆ ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು.