ಅಕ್ಕನ ಮಂಜು ಎಲ್ಲಿಂದ ಬಂತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧಿ ಉಗ್ರಾಣದ ಪಕ್ಕದ ಕೋಣೆಯಲ್ಲಿ, ದಿನಕ್ಕೆ ಅರವತ್ತು ಎಪ್ಪತ್ತು ಜನರಿಗೆ ಒಂದೇ ಮಾತು ಹೇಳುವ ಹೆಂಗಸೊಬ್ಬಳಿದ್ದಾಳೆ. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಹಾಗೇ ಇರಿ. ಹ್ಞಾ, ಬಿಡಿ." ಹೇಳಿ ಹೇಳಿ ಅದು ಎಷ್ಟು ರೂಢಿಯಾಗಿದೆ ಅಂದರೆ, ಒಮ್ಮೆ ಗಂಡ ಗ್ಯಾಸ್ ಸಿಲಿಂಡರ್ ಎತ್ತುವಾಗಲೂ ಅವಳ ಬಾಯಿಗೆ ಅದೇ ಬಂತಂತೆ. ಪಾಪ, ಅವಳು "ಬಿಡಿ" ಅನ್ನುವವರೆಗೂ ಅವನು ಸಿಲಿಂಡರ್ ಹಿಡಿದುಕೊಂಡೇ ನಿಂತಿದ್ದನಂತೆ.

ಹದಿನಾರು ವರ್ಷದಿಂದ ಎಕ್ಸ್‌ರೇ ತೆಗೆಯುವುದು ಅವಳ ಹೊಟ್ಟೆಪಾಡು. ಅಭಿಮಾನಿಗಳಿರುವುದು ಮಾತ್ರ ಬೇರೆ ಕಡೆ. ಫೋಟೋ ಹುಚ್ಚು ಹತ್ತಿಸಿಕೊಂಡ ಇನ್ನೂರು ಚಿಲ್ಲರೆ ಮಂದಿಯ ಗುಂಪೊಂದು ಫೋನಿನಲ್ಲಿದೆ. ಹಲ್ಲಿನ ಡಾಕ್ಟರು, ಲಾರಿ ಓಡಿಸುವವರು, ರಿಟೈರಾದ ಲೆಕ್ಕದ ಮೇಷ್ಟ್ರು, ಬ್ಯೂಟಿ ಪಾರ್ಲರಿನ ಅಕ್ಕತಂಗಿಯರು, ಹೀಗೆ ಎಲ್ಲ ತರಹದವರೂ ಅಲ್ಲಿದ್ದಾರೆ. ಅವರಿಗೆಲ್ಲ ಅವಳು ಎಕ್ಸ್‌ರೇ ಅಕ್ಕ. ವಯಸ್ಸು ಮೂವತ್ತೊಂಬತ್ತು. ಆದರೂ ಎಪ್ಪತ್ತು ದಾಟಿದ ಮೇಷ್ಟ್ರಿಗೂ ಅವಳು ಅಕ್ಕನೇ.

ಈ ಅಕ್ಕನ ಹತ್ತಿರ "ಯಾವ ಕ್ಯಾಮೆರಾ ತಗೊಳ್ಳಲಿ" ಎಂದು ಕೇಳಿದರೆ ಸುಲಭಕ್ಕೆ ಉತ್ತರ ಸಿಗುವುದಿಲ್ಲ. ಮೊದಲು ಮೂರು ಫೋಟೋ ಹಾಕಿ ಅನ್ನುತ್ತಾಳೆ. ಒಂದು ಕಿಟಕಿ ಪಕ್ಕ ತೆಗೆದದ್ದು, ಒಂದು ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು, ಇನ್ನೊಂದು ತೆಗೆದವರಿಗೇ ಇಷ್ಟವಾಗದ್ದು. ಆ ಮೂರನೆಯದನ್ನೇ ಅವಳು ಹೆಚ್ಚು ಹೊತ್ತು ನೋಡುವುದು. ಆಮೇಲೆ ಬಹುಪಾಲು ಸಲ ಬರುವ ತೀರ್ಪು ಒಂದೇ: ಇರುವುದರಲ್ಲೇ ತೆಗೀರಿ, ಏನೂ ಕೊಳ್ಳಬೇಡಿ. ಬಂದವರಿಗೆಲ್ಲ ನಿಮ್ಮ ಹಲ್ಲು ಚೆನ್ನಾಗಿದೆ ಹೋಗಿ ಅಂತ ತಾನೂ ಹೀಗೇ ಹೇಳುತ್ತಾ ಕೂತರೆ ಉಪವಾಸವೇ ಗತಿ ಎಂದು ಹಲ್ಲಿನ ಡಾಕ್ಟರು ಒಮ್ಮೆ ಬರೆದಿದ್ದರು. ಅದಕ್ಕೆ ನಲವತ್ತು ಜನ ನಕ್ಕಿದ್ದರು.

ಅಕ್ಕನ ಮಾತಿಗೆ ಅಷ್ಟು ತೂಕ ಬಂದದ್ದು ಅವಳ ಫೋಟೋಗಳಿಂದ. ಡ್ಯೂಟಿ ಮುಗಿಸಿ ಮನೆಗೆ ನಡೆದು ಹೋಗುವ ದಾರಿಯಲ್ಲಿ ಸಿಕ್ಕವರ ಫೋಟೋ ತೆಗೆಯುತ್ತಾಳೆ. ಇಸ್ತ್ರಿ ಅಂಗಡಿಯವನು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ತೂಕಡಿಸುವ ಕಂಡಕ್ಟರ್, ಚಪ್ಪಲಿ ಹೊಲಿಯುವ ಮುದುಕಿ. ಫೋಟೋದ ನಡುವೆ ಮುಖ ಸ್ಪಷ್ಟವಾಗಿ ಕೂತಿರುತ್ತದೆ. ಅದರ ಸುತ್ತ ಎಲ್ಲವೂ ಕಿಟಕಿ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಕರಗಿರುತ್ತದೆ, ದೀಪಗಳು ಹಾಲು ಚೆಲ್ಲಿಕೊಂಡಂತೆ ಹಬ್ಬಿರುತ್ತವೆ. ಗುಂಪಿನವರು ಅದಕ್ಕೆ ಇಟ್ಟ ಹೆಸರು ಅಕ್ಕನ ಮಂಜು. ಹೇಗೆ ಬರುತ್ತೆ ಅದು ಎಂದು ಕೇಳಿದರೆ, ಲೆನ್ಸ್ ಹಳೆಯದು, ಕೈ ನಿಧಾನ, ಅಷ್ಟೇ ಅನ್ನುತ್ತಿದ್ದಳು. ಅವಳಿಗೂ ಗೊತ್ತಿದ್ದದ್ದು ಅಷ್ಟೇ.

ಆ ಲೆನ್ಸನ್ನು ಅವಳಿಗೆ ಕೊಟ್ಟದ್ದು ಸೋದರಮಾವ. ಅವರದು ವಾಚ್ ರಿಪೇರಿ ಅಂಗಡಿ. ಮಹಡಿ ಮೆಟ್ಟಿಲ ಕೆಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಅವಳಿಗೆ ಕೆಲಸ ಸಿಕ್ಕ ವರ್ಷ, ತಾವು ಹರೆಯದಲ್ಲಿ ಬಳಸಿದ್ದ ಲೆನ್ಸಿಗೆ ಹಿಡಿದಿದ್ದ ಬೂಷ್ಟನ್ನು ಗಾಜು ಬಿಚ್ಚಿ ತೆಗೆದು, ಒರೆಸಿ, ಕೈಗಿಟ್ಟಿದ್ದರು.

ಒಂದೇ ಒಂದು ಸಲ ಅಕ್ಕ ತನ್ನ ನಿಯಮ ಮುರಿದು "ಕೊಳ್ಳಿ" ಅಂದಿದ್ದಳು. ಅದು ಬಡಗಿಯಣ್ಣನಿಗೆ.

ಬಡಗಿಯಣ್ಣನಿಗೆ ಐವತ್ತರ ಮೇಲೆ ವಯಸ್ಸು. ಒಂದು ಕುರ್ಚಿ ಮಾಡಿಕೊಟ್ಟರೆ, ಅದರ ಮೇಲೆ ಮನೆಯವರು ಮೊದಲ ಸಲ ಕೂರುವ ಗಳಿಗೆಯ ಫೋಟೋ ತೆಗೆಯುವುದು ಅವನ ಹವ್ಯಾಸ. ಅಕ್ಕ ಕೇಳಿದ ಮೂರು ಫೋಟೋ ಹಾಕಿದಾಗ, ಇಷ್ಟವಾಗದ್ದರಲ್ಲಿ ಒಬ್ಬ ಅಜ್ಜಿ ಹೊಸ ಕುರ್ಚಿಯ ತುದಿಯಲ್ಲಿ ಭಯಭಯವಾಗಿ ಕೂತಿದ್ದರು. ಯಾಕೆ ಇಷ್ಟವಿಲ್ಲ ಎಂದು ಅಕ್ಕ ಕೇಳಿದಳು. ಕುರ್ಚಿ ಚೆನ್ನಾಗಿ ಬಂದಿದೆ, ಅಜ್ಜಿಯನ್ನು ಆಮೇಲೆ ತಂದಿಟ್ಟ ಹಾಗಿದೆ ಎಂದು ಅವನು ಬರೆದ. ಅಕ್ಕನಿಗೆ ಆ ಉತ್ತರ ಹಿಡಿಸಿಬಿಟ್ಟಿತು. ನಿಮಗೆ ನನ್ನಂಥದ್ದೇ ಲೆನ್ಸ್ ಬೇಕು ಅಂದಳು.

ನಾಲ್ಕು ತಿಂಗಳು ಹುಡುಕಿ, ತನ್ನ ಹತ್ತಿರವಿದ್ದ ಎರಡು ಒಳ್ಳೆಯ ಲೆನ್ಸ್ ಬದಲಿಗೆ ಕೊಟ್ಟು, ಅವನು ಅದೇ ತಯಾರಿಕೆಯ ಅದೇ ಲೆನ್ಸ್ ತಂದ. ಮೊದಲ ಫೋಟೋ ಹಾಕಿದ. ಮಂಜಿಲ್ಲ. ಎರಡನೆಯದು, ಹತ್ತನೆಯದು, ಮಂಜಿಲ್ಲ. ಕುರ್ಚಿಯ ಮೊಳೆಯ ತಲೆಯ ಮೇಲಿನ ಸುತ್ತಿಗೆ ಗುರುತೂ ಕಾಣುತ್ತಿತ್ತು. ಕಡೆಗೆ ಅಕ್ಕನಿಗೆ ಮಾತ್ರ ಒಂದು ಧ್ವನಿ ಸಂದೇಶ ಬಂತು.

"ಅಕ್ಕ, ಲೆನ್ಸಿನ ತಪ್ಪೇನಿಲ್ಲ. ನಂದೇ ಕೈ. ಗರಗಸ ಹಿಡಿದ ಕೈಗೆ ಇದೆಲ್ಲ ಒಗ್ಗಲ್ಲ ಅಂತ ಕಾಣುತ್ತೆ. ಈ ತಿಂಗಳು ಕಳೀಲಿ, ಕ್ಯಾಮೆರಾನೂ ಯಾರಿಗಾದ್ರೂ ಕೊಟ್ಬಿಡ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ಅವನು ಬೈದಿದ್ದರೆ ಅಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. ಬೇಜಾರು ಮಾಡ್ಕೋಬೇಡಿ ಅಂದದ್ದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ತನ್ನ ಮಾತು ಕೇಳಿ ಒಬ್ಬ ಮನುಷ್ಯ ಇದ್ದದ್ದನ್ನೂ ಕೊಟ್ಟು ಕೈ ಕಟ್ಟಿ ಕೂರುವ ಹಾಗಾಯಿತಲ್ಲ. ಅದರ ಜೊತೆಗೆ ಇನ್ನೊಂದು ಹುಳ ತಲೆಗೆ ಹೊಕ್ಕಿತು: ಒಂದೇ ಲೆನ್ಸು, ಅವನಿಗೆ ಯಾಕೆ ಬರುತ್ತಿಲ್ಲ?

ಎಕ್ಸ್‌ರೇ ಕೋಣೆಯಲ್ಲಿ ಚಿತ್ರ ಕೆಟ್ಟರೆ ಒಂದು ಶಿಸ್ತಿದೆ. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಅಕ್ಕ ಬಡಗಿಯಣ್ಣನನ್ನು ಆ ಶಿಸ್ತಿಗೆ ಹಾಕಿದಳು. ಮೊದಲು ಬೆಳಕು: ಸಂಜೆ ಐದಕ್ಕೆ, ಪಡುವಣ ಕಿಟಕಿ ಪಕ್ಕ. ಆಮೇಲೆ ದೂರ: ಮುಖಕ್ಕೂ ಕ್ಯಾಮೆರಾಕ್ಕೂ ನಡುವೆ ನಾಲ್ಕು ಅಡಿ. ಅವನು ಬಡಗಿ ಅಲ್ಲವೇ, ಟೇಪ್ ಹಿಡಿದು ಅಳೆದು, ನಾಲ್ಕು ಅಡಿಗೆ ಕೂದಲೆಳೆ ಕಡಿಮೆಯಿದೆ ಪರವಾಗಿಲ್ಲವಾ ಎಂದು ಕೇಳಿದ. ಆಮೇಲೆ ಒಂದಿಡೀ ವಾರ ಲೆನ್ಸಿನಲ್ಲಿ ಬೆಳಕು ಬಿಡುವ ಒಳಬಾಯಿ ಪೂರ್ತಿ ತೆರೆದು ಫೋಟೋ ತೆಗೆದ. ಏನೂ ಬದಲಾಗಲಿಲ್ಲ. ಅವನ ಹೆಂಡತಿ ಐದು ಗಂಟೆಗೆ ಕಿಟಕಿ ಪಕ್ಕ ಕೂತು ಕೂತು, ಇನ್ನು ಸಂಬಳ ಕೊಟ್ಟರಷ್ಟೇ ಕೂರುತ್ತೇನೆ ಅಂದಳಂತೆ.

ಕಡೆಗೆ ಅಕ್ಕ, ಒಂದು ದಿನಕ್ಕೆ ಲೆನ್ಸ್ ನನ್ನ ಹತ್ತಿರ ಬಿಟ್ಟುಹೋಗಿ ಅಂದಳು. ಅವನು ಹತ್ತಿಯಲ್ಲಿ ಸುತ್ತಿ, ತಾನೇ ಮಾಡಿದ ಪುಟ್ಟ ಮರದ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ತಂದುಕೊಟ್ಟ. ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿ, ಎಷ್ಟು ಮೆತ್ತಗೆ ಕೂರುತ್ತಿತ್ತೆಂದರೆ ಅಕ್ಕ ಅದನ್ನೇ ನಾಲ್ಕು ಸಲ ತೆಗೆದು ಹಾಕಿದಳು. ಇದೇ ಅಂತೆ ಒಗ್ಗದ ಕೈ!

ಮಧ್ಯಾಹ್ನ ಊಟದ ಹೊತ್ತು. ಕೋಣೆ ಖಾಲಿ. ಮೊದಲು ತನ್ನ ಕ್ಯಾಮೆರಾಕ್ಕೆ ಅವನ ಲೆನ್ಸ್ ಹಾಕಿ, ಗೋಡೆಗೆ ನೇತುಹಾಕಿದ್ದ ತನ್ನದೇ ಕೋಟಿನ ಫೋಟೋ ತೆಗೆದಳು. ಗುಂಡಿಯ ದಾರವನ್ನೂ ಎಣಿಸುವ ಹಾಗೆ ಬಂತು. ಆಮೇಲೆ ತನ್ನ ಲೆನ್ಸ್ ಹಾಕಿದಳು. ಮಂಜು. ಕೈ ಅದೇ, ಬೆಳಕು ಅದೇ, ಕೋಟೂ ಅದೇ. ಅಂದರೆ ಮಂಜು ಇದ್ದದ್ದು ಕೈಯಲ್ಲಲ್ಲ.

ಹಳೆಯ ಫಿಲ್ಮ್ ನೋಡುವ ದೀಪದ ಪೆಟ್ಟಿಗೆ ಇನ್ನೂ ಗೋಡೆಯ ಮೇಲಿತ್ತು. ಅದನ್ನು ಹಾಕಿ ಎರಡು ಲೆನ್ಸನ್ನೂ ಪಕ್ಕಪಕ್ಕ ಹಿಡಿದಳು. ಬೂಷ್ಟಿಲ್ಲ, ಗೀರಿಲ್ಲ. ಹಾಗೇ ಓರೆ ಮಾಡುವಾಗ ಬಡಗಿಯಣ್ಣನ ಲೆನ್ಸಿನ ಮುಂಗಾಜಿನಲ್ಲಿ ತನ್ನ ಮುಖ ಕಂಡಿತು. ಚಿಕ್ಕದಾಗಿ, ಮೂಗು ದಪ್ಪವಾಗಿ, ಚಮಚದ ಬೆನ್ನಲ್ಲಿ ಕಾಣುತ್ತದಲ್ಲ, ಹಾಗೆ. ತನ್ನ ಲೆನ್ಸ್ ನೋಡಿದಳು. ಅದರಲ್ಲಿ ಮುಖ ತಲೆಕೆಳಗಾಗಿತ್ತು, ಚಮಚದ ಗುಳಿಯೊಳಗೆ ಕಂಡ ಹಾಗೆ.

ಅವಳ ಲೆನ್ಸಿನಲ್ಲಿ ಉಬ್ಬು ಹೊರಗಿರಬೇಕಾದ ಗಾಜು ಹಿಂದುಮುಂದಾಗಿ ಕೂತಿತ್ತು. ಹದಿನಾರು ವರ್ಷದಿಂದ.

ಆ ಮಧ್ಯಾಹ್ನ ಬಂದವರಿಗೆ "ಹಿಡ್ಕೊಳ್ಳಿ" ಅಂದು "ಬಿಡಿ" ಅನ್ನುವುದನ್ನು ಅಕ್ಕ ಎರಡು ಸಲ ಮರೆತಳು. ನಿಮ್ಮ ಲೆನ್ಸ್ ಯಾಕೋ ಸರಿಯಿಲ್ಲ ಅಣ್ಣ ಎಂದು ಒಂದು ಮಾತು ಹೇಳಿದರೆ ಅವನು ನಂಬುತ್ತಿದ್ದ. ಗುಂಪಿನಲ್ಲಿ ಮಾನ ಉಳಿಯುತ್ತಿತ್ತು. ಇನ್ನೂರು ಜನಕ್ಕೆ ಬುದ್ಧಿ ಹೇಳುವ ಅಕ್ಕನಿಗೆ ತನ್ನ ಲೆನ್ಸಿನ ಮುಖ ಯಾವುದು, ಬೆನ್ನು ಯಾವುದು ಎಂದೇ ಗೊತ್ತಿರಲಿಲ್ಲ ಅಂದರೆ ನಗೆಪಾಟಲು. ಸಂಜೆ ಟೀ ಕುಡಿಯುತ್ತಾ ಗಂಡನಿಗೆ ಎಲ್ಲ ಹೇಳಿದಳು. ಅವನಿಗೆ ಲೆನ್ಸಿನ ಗಂಧಗಾಳಿ ಇಲ್ಲ. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ.

"ಮೂಳೆ ಮುರಿದಿರೋದು ಚಿತ್ರದಲ್ಲಿ ಕಂಡ್ಮೇಲೆ, ಮುರಿದಿಲ್ಲ ಅಂತ ಹೇಳಿ ಕಳಿಸ್ತೀಯಾ?"

ಅಕ್ಕ ಫೋನ್ ತೆಗೆದು ಗುಂಪಿಗೆ ಇದ್ದದ್ದು ಇದ್ದಹಾಗೆ ಬರೆದಳು. ಎರಡು ಲೆನ್ಸಿನಲ್ಲಿ ಕಂಡ ಎರಡು ಮುಖದ ಫೋಟೋನೂ ಹಾಕಿದಳು. ನೀವು ಮಂಜು ಅಂತ ಹೊಗಳಿದ್ದು ರಿಪೇರಿಯ ತಪ್ಪು, ಬಡಗಿಯಣ್ಣನ ಕೈಯಲ್ಲಿ ಏನೂ ದೋಷವಿಲ್ಲ, ತಪ್ಪು ಸಲಹೆ ಕೊಟ್ಟದ್ದು ನಾನು.

ಮೊದಲು ಬರೆದವರು ಲೆಕ್ಕದ ಮೇಷ್ಟ್ರು. ಉತ್ತರ ಸರಿಯಿದ್ದು ದಾರಿ ತಪ್ಪಿದ್ದರೆ ನಾನು ಹತ್ತಕ್ಕೆ ಆರು ಅಂಕ ಕೊಡುತ್ತಿದ್ದೆ, ಅಕ್ಕನಿಗೂ ಆರು. ಪಾರ್ಲರಿನ ಹಿರಿಯಕ್ಕ, ನನ್ನ ಲೆನ್ಸನ್ನೂ ಚಮಚದ ಹಾಗೆ ನೋಡಿಕೊಂಡೆ, ಮೂಗು ಮಾತ್ರ ದಪ್ಪಗಿದೆ ಅಂದಳು. ಎಲ್ಲರೂ ತಮ್ಮ ತಮ್ಮ ಲೆನ್ಸಿನಲ್ಲಿ ಮುಖ ನೋಡಿಕೊಂಡು ಫೋಟೋ ಹಾಕತೊಡಗಿದರು. ಇಬ್ಬರು ಮಾತ್ರ, ಇಷ್ಟು ದಿನ ನಂಬಿ ಕೆಟ್ಟೆವು ಎಂದು ಬರೆದು ಗುಂಪು ಬಿಟ್ಟರು. ಅದು ಅಕ್ಕನಿಗೆ ಚುಚ್ಚಿತು.

ಬಡಗಿಯಣ್ಣ ಮಾರನೆಯ ಬೆಳಗ್ಗೆ ಫೋನ್ ಮಾಡಿ, ಆ ಗಾಜು ತಿರುಗಿಸಿದವರನ್ನು ನೋಡಬೇಕು ಅಂದ.

ಭಾನುವಾರ ಇಬ್ಬರೂ ಮಾವನ ಅಂಗಡಿಗೆ ಹೋದರು. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚೊಂದರ ಹೊಟ್ಟೆ ಬಗೆಯುತ್ತಿದ್ದರು. ಅಕ್ಕ ವಿಷಯ ಹೇಳಿದ್ದೇ ತಡ, ನಾನು ತಪ್ಪು ಕೂರಿಸುವುದೇ, ಸಾಧ್ಯವೇ ಇಲ್ಲ ಅಂದರು. ಲೆನ್ಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ತಮ್ಮದೇ ಮುಖ ತಲೆಕೆಳಗಾಗಿ ಕಂಡಿತು. ಆಮೇಲೆ ಮೇಜಿನ ಮೇಲಿನ ಬಟ್ಟೆಯನ್ನು ನೋಡಿದರು. ಅಲ್ಲೊಂದು ವಾಚಿನ ಗಾಜು ಉಬ್ಬು ಕೆಳಗಾಗಿ ಮಲಗಿತ್ತು.

"ಇದು ನೋಡೇ," ಅಂದರು ಮೆಲ್ಲಗೆ. "ನಲವತ್ತು ವರ್ಷದಿಂದ ಗಾಜು ಒರೆಸಿ ಹೀಗೇ ಇಡ್ತೀನಿ, ಉಬ್ಬು ಕೆಳಗೆ. ವಾಚು ಇದರ ಮೇಲೆ ಬೋರಲು ಬಂದು ಕೂರುತ್ತೆ. ನಿನ್ನ ಲೆನ್ಸು ಬಾಯಿ ಮೇಲೆ ಮಾಡಿ ನೆಟ್ಟಗೆ ನಿಂತಿತ್ತು. ನಾನು ಗಾಜು ಹೇಗೆ ಮಲಗಿತ್ತೋ ಹಾಗೇ ಎತ್ತಿ ಒಳಗಿಟ್ಟಿದೀನಿ. ಕೈ ಇಟ್ಟಿದ್ದು ಕಣೇ, ನಾನಲ್ಲ."

ಅಕ್ಕನಿಗೆ ನಗು ಬಂತು. ಬಡಗಿಯಣ್ಣ ನಗಲಿಲ್ಲ. ತನ್ನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ಯಜಮಾನ್ರೇ, ನಂದನ್ನೂ ಹಾಗೇ ತಿರುಗಿಸಿ ಕೊಡಿ."

ಮಾವನಿಗೆ ಸಿಟ್ಟು ಬಂದೇಬಿಟ್ಟಿತು. ಗೊತ್ತಿಲ್ಲದೆ ಆದದ್ದು ಬೇರೆ, ಗೊತ್ತಿದ್ದೂ ಒಳ್ಳೆಯ ವಸ್ತುವನ್ನು ಕೆಡಿಸುವುದು ಬೇರೆ, ಈ ಕುರ್ಚಿಯಲ್ಲಿ ಕೂತು ತಾವು ಆ ಕೆಲಸ ಮಾಡುವುದಿಲ್ಲ ಅಂದರು. ಬಡಗಿಯಣ್ಣ ಹೊರಟುಹೋಗಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ, ನಿಂತೇ ಇದ್ದ. ನಿಂತವನ ಮುಖವನ್ನು ಮಾವ ನೋಡಿದರು, ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ಹಾಕಿ ನೋಡಿದರು. ಆಮೇಲೆ ವಾಚಿನ ಬೆನ್ನು ಮುಚ್ಚಳ ತಿರುಗಿಸುವ ಎರಡು ಮೊನೆಯ ಸಾಧನವನ್ನು ಮೇಜಿನ ಮೇಲೆ ಸರಿಸಿದರು.

"ಗಾಜು ಹಿಡಿದಿರೋ ಮುಂದಿನ ಬಳೆ ಎಡಕ್ಕೆ ಬಿಚ್ಚುತ್ತೆ. ನೀವೇ ಮಾಡ್ಕೊಳ್ಳಿ. ನಾನು ನೋಡಲ್ಲ." ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು.

ಬಡಗಿಯಣ್ಣನ ದಪ್ಪ ಬೆರಳುಗಳು ಆ ಸಣ್ಣ ಬಳೆಯನ್ನು ತಿರುಗಿಸುವುದನ್ನು ಅಕ್ಕ ಉಸಿರು ಬಿಗಿಹಿಡಿದು ನೋಡಿದಳು. ಒಂದು ಸಲವೂ ಜಾರಲಿಲ್ಲ. ಗಾಜನ್ನು ಅಂಚಿನಲ್ಲಿ ಹಿಡಿದು, ತಿರುಗಿಸಿ, ಕೂರಿಸಿ, ಬಳೆ ಬಿಗಿದ. ಗೋಡೆಯ ಕಡೆಯಿಂದ ಮಾವ, ಜಾಸ್ತಿ ಬಿಗಿಬೇಡಿ ಅಂದರು. ನೋಡುತ್ತಿಲ್ಲವಂತೆ!

ಬಡಗಿಯಣ್ಣ ಕ್ಯಾಮೆರಾಕ್ಕೆ ಲೆನ್ಸ್ ಹಾಕಿ, ಗೋಡೆ ನೋಡುತ್ತಿದ್ದ ಮಾವನ ಕಿವಿ, ಕೆನ್ನೆ, ನೇತಾಡುವ ಗಡಿಯಾರಗಳ ಸಾಲು ಎಲ್ಲ ಬರುವ ಹಾಗೆ ಒಂದು ಫೋಟೋ ತೆಗೆದ. ಪರದೆ ನೋಡಿದ. ಕೆನ್ನೆ ಸ್ಪಷ್ಟ. ಸುತ್ತಲಿನ ಗಡಿಯಾರಗಳೆಲ್ಲ ಹಾಲಿನಲ್ಲಿ ಕರಗಿದ್ದವು. ಅಕ್ಕನ ಕಡೆ ತಿರುಗಿಸಿ ತೋರಿಸಿದ.

"ಬಂತಲ್ಲ ಅಕ್ಕ. ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು."

"ಮೊದ್ಲಿಂದಾನೂ ಇತ್ತು ಅಣ್ಣ. ನಾನೇ ನಿಮ್ಮನ್ನ ಹಾಳು ಮಾಡಿದ್ದು."

ಅವನು ಆ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತುಂಬ ಹೊತ್ತು ನೋಡಿದ. ಮತ್ತೆ ಮೇಜಿಗೆ ಬಾಗಿ ಸಾಧನ ತೆಗೆದುಕೊಂಡು ಬಳೆ ಬಿಚ್ಚಿದ, ಗಾಜನ್ನು ಮೊದಲಿದ್ದ ಹಾಗೇ ತಿರುಗಿಸಿ ಹಾಕಿದ. ಯಾಕೆ ಎಂದು ಅಕ್ಕ ಕೇಳಿದಳು. ಕುರ್ಚಿಯ ಮರದ ಎಳೆ ಕಾಣಿಸದಿದ್ದರೆ ತನಗೆ ಸಮಾಧಾನವಿಲ್ಲ ಅಂದ. ಅಜ್ಜಿಯನ್ನು ಸರಿಯಾಗಿ ಕೂರಿಸುವುದಕ್ಕೆ ಮಂಜೇ ಯಾಕೆ, ಮೊದಲು ಅವರ ಹತ್ತಿರ ಎರಡು ಮಾತಾಡಿದರಾಯಿತು. ತನಗೆ ಒಂದು ವಿಷಯ ಗೊತ್ತಾಗಬೇಕಿತ್ತು, ಗೊತ್ತಾಯಿತು. ಕ್ಯಾಮೆರಾ ಯಾರಿಗೂ ಕೊಡುವುದಿಲ್ಲ.

ಗಾಜು ಸರಿಯಾಗಿ ಕೂತ ಸದ್ದು ಕೇಳಿದವರಂತೆ ಮಾವ ಈ ಕಡೆ ತಿರುಗಿದರು. ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿ, ಅಕ್ಕನ ಕಡೆ ಕೈ ಚಾಚಿದರು.

"ಎಲ್ಲಿ, ಈಗ ನಿಂದು ಕೊಡು. ಸರಿ ಮಾಡ್ತೀನಿ. ನನ್ನ ಹೆಸರಿಗೆ ಮಸಿ ಅದು."

ಅಕ್ಕ ತನ್ನ ಲೆನ್ಸನ್ನು ಮೇಜಿನಿಂದ ಎತ್ತಿ ನಿಧಾನಕ್ಕೆ ಕ್ಯಾಮೆರಾಕ್ಕೆ ಸಿಕ್ಕಿಸಿದಳು. ಕಣ್ಣಿಗೆ ಹಿಡಿದಳು. ಚಾಚಿದ ಕೈ, ಹಣೆಯ ಮೇಲಿನ ಗಾಜು, ಹಿಂದೆ ಕರಗುತ್ತಿರುವ ಗಡಿಯಾರಗಳು.

"ಉಸಿರು ಹಿಡ್ಕೊಳ್ಳಿ ಮಾವ," ಅಂದಳು.

ಮಾವ ಹಿಡಿದುಕೊಂಡರು. ಅಕ್ಕ ಮೂರು ಫೋಟೋ ತೆಗೆದಳು, ಮುಚ್ಚಳ ಹಾಕಿದಳು, ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. "ಬಿಡಿ" ಅಂದದ್ದು ಅಂಗಡಿಯಿಂದ ಬೀದಿಗೆ ಇಳಿದ ಮೇಲೆ.