ಟಿಕ್ ಟಿಕ್ ಎನ್ನುವ ಕನ್ನಡಿ ಡಬ್ಬಿ

ನನ್ನ ಮೊಮ್ಮಗ ನವೀನನ ಬಗ್ಗೆ ಹೇಳು ಅಂದರೆ ಮೊದಲು ಹೇಳಬೇಕಾದ್ದು ಇಷ್ಟು. ಅವನು ಬಿಚ್ಚಿದ ಯಾವ ಸಾಮಾನೂ ಇವತ್ತಿನವರೆಗೆ ಪೂರ್ತಿ ಜೋಡಣೆಯಾಗಿಲ್ಲ. ಕೊನೆಗೆ ಒಂದು ಸ್ಕ್ರೂ ಮಿಗುತ್ತದೆ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ಇದು ಬೇಕಾಗಿರ್ಲಿಲ್ಲ ಅಜ್ಜಿ, ಕಂಪನಿಯವರು ಸುಮ್ನೆ ಹಾಕಿರ್ತಾರೆ" ಅನ್ನುತ್ತಾನೆ. ಅದನ್ನು ತಯಾರಿಸಿದ ಜಪಾನಿನವರಿಗೆ ಬುದ್ಧಿಯಿಲ್ಲ, ನಮ್ಮ ನವೀನನಿಗಿದೆ. ಅವನ ಅಂಗಿ ಒಗೆಯಲು ಹಾಕಿದಾಗ ವಾಷಿಂಗ್ ಮೆಷಿನ್ನಿನೊಳಗೆ ಆ ಸ್ಕ್ರೂ ಗಿಲಿಗಿಲಿ ಅನ್ನುವುದೇ ನಮ್ಮ ಮನೆಯ ಭಾನುವಾರದ ಸಂಗೀತ.

ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತವರು. ಜೋಳ, ಶುಂಠಿ, ಎರಡು ಹಸು, ಇಷ್ಟು ಬಿಟ್ಟರೆ ನಮಗೆ ಬೇರೆ ವಿದ್ಯೆಯಿಲ್ಲ. ಇವನಿಗೆ ಮಾತ್ರ ಮಣ್ಣು ಆಗಿಬರಲಿಲ್ಲ. ಶುಂಠಿ ಕೀಳಲು ಕರೆದರೆ ಬೆನ್ನು ನೋವು ಬರುತ್ತಿತ್ತು. ರೇಡಿಯೋ ಬಿಚ್ಚುವಾಗ ಅದೇ ಬೆನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಬಗ್ಗಿಯೇ ಇರುತ್ತಿತ್ತು. ಕೊನೆಗೆ ಆನೆ ಬೇಲಿ ಹಾಕುವವರ ಜೊತೆ ಸೇರಿ ಒಂದಿಷ್ಟು ಕಲಿತ. ಆಮೇಲೆ ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ. ಎಸ್ಟೇಟಿನವರ ಟಾರ್ಚು, ಬೇಲಿಯ ಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ. ಆ ಕಡೆ ಆನೆಗೂ ಬರವಿಲ್ಲ, ಟಾರ್ಚಿಗೂ ಬರವಿಲ್ಲ. ಹೇಗೋ ಅನ್ನ ಹುಟ್ಟಿತು.

ನಾನು ಅರ್ಧ ವರ್ಷ ಮಗನ ಮನೆಯಲ್ಲಿ, ಅರ್ಧ ವರ್ಷ ಇವನ ಮನೆಯಲ್ಲಿ. ಯಾವ ಮನೆಯ ಸಾರಿಗೆ ಉಪ್ಪು ಸರಿಯಿರುತ್ತದೋ ಅಲ್ಲಿ ಇರುತ್ತೇನೆ.

ಬೇಲಿಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆನೆ ಬೇಲಿಯ ತಂತಿಗೆ ಬ್ಯಾಟರಿ ಪೆಟ್ಟಿಗೆಯಿಂದ ತಡೆದು ತಡೆದು ಕರೆಂಟು ಬಿಡುತ್ತಾರೆ. ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತಿದ್ದರೆ ಬೇಲಿ ಬದುಕಿದೆ ಎಂದು ಅರ್ಥ. ಎಸ್ಟೇಟಿನ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಆ ಸದ್ದು ಕೇಳಿ ಕೈ ಹಿಂದಕ್ಕೆ ಎಳೆದುಕೊಳ್ಳಲು ಕಲಿಯುತ್ತವೆ. ದೊಡ್ಡವರು ಮುಟ್ಟುವ ಮೊದಲು ಒಂದು ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿ ನೋಡುತ್ತಾರೆ. ಬೆರಳು ಜುಂ ಅಂದರೆ ಕರೆಂಟಿದೆ, ಅನ್ನದಿದ್ದರೆ ಬೇಲಿ ಸತ್ತಿದೆ. ನವೀನನ ಅಂಗಡಿಯಲ್ಲಿ ಇಂಥ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಕೂತು ಟಿಕ್ ಟಿಕ್ ಅನ್ನುತ್ತಲೇ ಇರುತ್ತವೆ. ನಾನು ಅಲ್ಲಿ ಕಾಲಿಟ್ಟರೆ ಸೀರೆಯ ಸೆರಗನ್ನೂ ಒಳಗೆ ಸೇರಿಸಿಕೊಳ್ಳುತ್ತೇನೆ. ಇವನಿಗೆ ಅದು ಕೇಳಿಸುವುದೇ ಇಲ್ಲ.

ಇನ್ನು ಅವನ ಹೆಂಡತಿ ಕಾವ್ಯಶ್ರೀ. ಅವಳು ಮದುಮಕ್ಕಳಿಗೆ ಮೇಕಪ್ ಮಾಡುತ್ತಾಳೆ. ನನಗೆ ಆ ಕೆಲಸದ ಮೇಲೂ ದೊಡ್ಡ ಗೌರವವಿಲ್ಲ. ನನ್ನ ಮದುವೆಯ ದಿನ ನನ್ನ ಮುಖವನ್ನು ನಾನು ನೋಡಿದ್ದು ದಿಬ್ಬಣದ ಲಾರಿಯ ಪಕ್ಕದ ಕನ್ನಡಿಯಲ್ಲಿ, ಅದೂ ಡ್ರೈವರ್ ಬೀಡಿ ತರಲು ಇಳಿದಾಗ. ಚೆನ್ನಾಗಿಯೇ ಇದ್ದೆ. ಹೆಸರೇ ಚಲುವಮ್ಮ, ಮೇಲೆ ಪೌಡರ್ ಏಕೆ? ಆದರೆ ಹುಡುಗಿಯ ಕೈ ಒಳ್ಳೆಯದು. ಅದನ್ನು ಇಲ್ಲವೆನ್ನಲಾರೆ. ನೆರಿಗೆ ಹಿಂದೆ ಬರುವ ಹಾಗೆ ಕೊಡವ ಸೀರೆ ಉಡಿಸುವುದನ್ನು ಪಕ್ಕದ ಎಸ್ಟೇಟಿನ ಬೊಳ್ಳಮ್ಮನಿಂದ ಕಲಿತು, ಬೊಳ್ಳಮ್ಮನಿಗಿಂತ ಚೆನ್ನಾಗಿ ಉಡಿಸುತ್ತಾಳೆ. ಬೊಳ್ಳಮ್ಮನಿಗೆ ಅದು ಗೊತ್ತು, ಒಪ್ಪಿಕೊಳ್ಳುವುದಿಲ್ಲ.

ಕೇಡು ಬಂದದ್ದು ಹೋದ ಬೇಸಿಗೆಯಲ್ಲಿ. ವಿರಾಜಪೇಟೆಯ ಕಡೆ ಒಂದು ಮದುವೆ. ಮುಂಜಾನೆ, ಹಿಂದಿನ ದಿನದ ಮಳೆಗೆ ಕೊಂಬೆ ಮುರಿದು ಕರೆಂಟಿಲ್ಲ, ಕಿಟಕಿಯಿಲ್ಲದ ಕೋಣೆ. ಮೊಬೈಲಿನ ಬೆಳಕು ಹಿಡಿಯಲು ಮದುಮಗಳ ತಂಗಿಯನ್ನು ನಿಲ್ಲಿಸಿದರೆ, ಆ ಮಹಾತಾಯಿ ಮೆಸೇಜು ಬಂದಾಗಲೆಲ್ಲ ಬೆಳಕನ್ನು ತನ್ನ ಕಡೆಗೆ ತಿರುಗಿಸಿಕೊಂಡಳಂತೆ. ಹೊರಗೆ ಬಂದು ನೋಡಿದರೆ ಮದುಮಗಳ ಒಂದು ಹುಬ್ಬು ಮಡಿಕೇರಿ ಹತ್ತಿದೆ, ಇನ್ನೊಂದು ಘಟ್ಟದ ಕೆಳಗಿನ ಮಾಕುಟ್ಟಕ್ಕೆ ಇಳಿದಿದೆ. ಫೋಟೋಗಳು ಎಲ್ಲರ ಮೊಬೈಲಿಗೂ ಹೋದವು. ಕಾವ್ಯಶ್ರೀಯನ್ನು ಕರೆಯುವವರು ನಿಂತರು. ಬೇರೆ ಯಾರೋ ಸಿಕ್ಕಿದ್ದಾರೆ, ಮುಂದೆ ನೋಡೋಣ, ಹೀಗೇ.

ಉಳಿದದ್ದು ಒಂದೇ ಮದುವೆ, ಬೊಳ್ಳಮ್ಮನ ಮಗಳು ಶೋಭಿತಾಳದ್ದು. ಬೊಳ್ಳಮ್ಮ ನಮ್ಮ ಮನೆಗೇ ಬಂದು, ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಕಾವ್ಯಶ್ರೀಯನ್ನು ಕೊಡವರ ಮಾತಿನಲ್ಲಿ ಮಗು ಎಂದು ಕರೆದು ಹೇಳಿದಳು.

"ನೋಡು ಕುಂಞಿ, ಮಾತು ಕೊಟ್ಟಾಗಿದೆ, ನಾನು ತಪ್ಪೋದಿಲ್ಲ. ಆದ್ರೆ ನನ್ನ ಮಗಳ ಮುಖದಲ್ಲಿ ಹೆಚ್ಚು ಕಮ್ಮಿ ಆದ್ರೆ, ಮತ್ತೆ ಈ ಕಡೆ ಯಾರೂ ನಿನ್ನನ್ನು ಕರಿಯೋದಿಲ್ಲ. ನಾನೇ ಬಿಡೋದಿಲ್ಲ."

ಕಾವ್ಯಶ್ರೀ ತಲೆಯಾಡಿಸಿದಳು. ಬೊಳ್ಳಮ್ಮ ಹೋದ ಮೇಲೆ ನನ್ನ ಹತ್ತಿರ ಕೂತು, "ಇದೂ ಹೋದ್ರೆ ಮಾವನ ಹತ್ರ ಶುಂಠಿ ತೊಳಿಯೋಕೆ ಬರ್ತೀನಿ ಅಜ್ಜಿ" ಅಂದಳು. ತಮಾಷೆಗೆ ಹೇಳಿದ ಹಾಗೆ ಹೇಳಿದಳು. ಕಣ್ಣಲ್ಲಿ ತಮಾಷೆ ಇರಲಿಲ್ಲ.

ಆಗ ನಮ್ಮ ನವೀನ ಪಂಡಿತರು ಬಾಯಿ ಬಿಟ್ಟರು. "ಬೆಳಕಿರೋ ಮೇಕಪ್ ಡಬ್ಬಿ ನಾನು ಮಾಡ್ಕೊಡ್ತೀನಿ. ಮುಚ್ಚಳದಲ್ಲಿ ಕನ್ನಡಿ, ಕನ್ನಡೀಲಿ ಲೈಟು, ಒಳಗೆ ಬ್ಯಾಟರಿ. ಕರೆಂಟು ಯಾವಳಿಗೆ ಬೇಕು?"

"ಅಂಥದ್ದು ಅಂಗಡೀಲೇ ಸಿಗುತ್ತಲ್ಲೋ" ಅಂದೆ.

"ಅದೆಲ್ಲ ಆಟದ ಸಾಮಾನು ಅಜ್ಜಿ. ನಮ್ಮ ಕಡೆಗೆ ಗಟ್ಟಿ ಬೇಕು."

ಅಷ್ಟಕ್ಕೇ ನಿಲ್ಲಲಿಲ್ಲ. ಡಬ್ಬಿ ಹುಟ್ಟುವ ಮೊದಲೇ ಅಂಗಡಿಯ ಬೋರ್ಡು ಬದಲಾಯಿತು. 'ನವೀನ್ ಟಾರ್ಚ್ ರಿಪೇರಿ' ಹೋಗಿ 'ನವೀನ್ ಡಿಸೈನ್ಸ್' ಬಂತು. ಡಿಸೈನಂತೆ! ಸ್ವಂತ ಅಂಗಿಯ ಗುಂಡಿಯನ್ನು ನೇರ ತೂತಿಗೆ ಹಾಕಲು ಬಾರದವನು.

ಮೊದಲನೆಯ ಡಬ್ಬಿ ಬಂತು. ಬೇಲಿ ಪೆಟ್ಟಿಗೆಯ ಬೂದು ಪ್ಲಾಸ್ಟಿಕ್ಕನ್ನೇ ಕುಯ್ದು ಮಾಡಿದ್ದು, ಇಟ್ಟಿಗೆಯಷ್ಟು ತೂಕ. ಕಾಲಲ್ಲಿ ಮೆಟ್ಟಿ ತೋರಿಸಿದ, ಒಡೆಯಲಿಲ್ಲ. "ಆನೆ ತುಳಿದ್ರೂ ಏನಾಗಲ್ಲ" ಅಂದ. ಆನೆ ಮೇಕಪ್ ಮಾಡಿಕೊಳ್ಳುತ್ತದೆಯೇ ಎಂದು ನಾನು ಕೇಳಲಿಲ್ಲ, ಕೇಳಬೇಕಿತ್ತು. ಕಾವ್ಯಶ್ರೀ ಮುಚ್ಚಳ ತೆಗೆದು ಸ್ವಿಚ್ಚು ಒತ್ತಿದಳು. "ಅಯ್ಯಮ್ಮಾ!" ಎಂದು ಮುಖ ಮುಚ್ಚಿಕೊಂಡಳು. ಕಣ್ಣಿನ ಕಾಡಿಗೆಯೆಲ್ಲ ನೀರಾಗಿ ಕೆನ್ನೆಗಿಳಿಯಿತು. ಕಾವಲುಗಾರರು ತಲೆಗೆ ಕಟ್ಟಿಕೊಂಡು ಆನೆ ಓಡಿಸುತ್ತಾರಲ್ಲ, ಆ ದೀಪವನ್ನು ಕಿತ್ತು ಅದರೊಳಗೆ ಕೂರಿಸಿದ್ದ.

ಅವನ ತಪ್ಪು ಎಂಥದ್ದೆಂದು ಗೊತ್ತಾ? ಟಾರ್ಚು ರಿಪೇರಿಯಾದ ಮೇಲೆ ಅಂಗಡಿಯ ಹಿಂದೆ ನಿಂತು ಎದುರಿನ ತೋಟದ ಸಿಲ್ವರ್ ಓಕ್ ಮರಕ್ಕೆ ಬೆಳಕು ಬಿಡುತ್ತಾನೆ. ತೊಗಟೆಯ ಗೆರೆ ಕಂಡರೆ ಟಾರ್ಚು ಪಾಸು. ಮುಖ ನೋಡುವ ಕನ್ನಡಿಯನ್ನೂ ಹಾಗೇ ಪರೀಕ್ಷೆ ಮಾಡಿದ್ದಾನೆ!

"ತೊಗಟೆ ಕಂಡಿತ್ತು ಕಣೇ" ಅಂದ, ಪಾಪ, ಬೇಜಾರಿನಲ್ಲಿ.

"ನನ್ನ ಮುಖ ಮರವಾ ರೀ?" ಕಾವ್ಯಶ್ರೀ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ ಹೇಳಿದಳು. "ದೂರ ಹೋಗೋ ಬೆಳಕು ಬೇಡ. ಹತ್ರ ನಿಲ್ಲೋ ಬೆಳಕು ಬೇಕು."

ಎರಡನೆಯದರಲ್ಲಿ ಬೆಳಕು ತಗ್ಗಿತ್ತು, ಆದರೆ ಕನ್ನಡಿಯ ನೆತ್ತಿಯ ಮೇಲೆ ಒಂದೇ ದೀಪ. ನೋಡಿಕೊಂಡರೆ ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಮೀಸೆ ಬಂದ ಹಾಗೆ. ಬಣ್ಣವೂ ನೀಲಿ. "ಚೆನ್ನಾಗಿದೆ, ಹೆಣಕ್ಕೆ ಸಿಂಗಾರ ಮಾಡೋರಿಗೆ ಕೊಡು" ಅಂದೆ. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಆದರೂ ನಾನು ಸುಮ್ಮನಿದ್ದೆ.

ಮೂರನೆಯದು ಮದುವೆಯ ಹಿಂದಿನ ದಿನಕ್ಕೆ ಆಯಿತು. ಈ ಸಲ ಹೆಂಡತಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಅವಳು ಹೇಳಿದ ಹಾಗೆ ಮಾಡಿದ. ಕನ್ನಡಿಯ ಸುತ್ತ ಸಣ್ಣ ಸಣ್ಣ ದೀಪಗಳು, ಅವುಗಳ ಮೇಲೆ ಮೊಸರಿನ ಡಬ್ಬಿಯ ಬಿಳಿ ಮುಚ್ಚಳವನ್ನು ಬಳೆಯ ಹಾಗೆ ಕತ್ತರಿಸಿ ಮುಚ್ಚಿದ್ದ. ಬೆಳಕು ಬೆಣ್ಣೆಯ ಬಣ್ಣಕ್ಕೆ ಬಂದು ಮುಖದ ಮೇಲೆ ಎಲ್ಲ ಕಡೆಯಿಂದಲೂ ಸಮವಾಗಿ ಕೂತಿತು. ಕಾವ್ಯಶ್ರೀ ಬಹಳ ಹೊತ್ತು ನೋಡಿಕೊಂಡಳಂತೆ. ಬ್ಯಾಟರಿ ನಡುವೆ ಕೈ ಕೊಡಬಾರದೆಂದು ಒಂದು ಹಳೆಯ ಬೇಲಿ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡನ್ನು ಒಳಗೆ ಸೇರಿಸಿದ್ದನ್ನು ಮಾತ್ರ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಬೆಳಗಾಗುವ ಮೊದಲೇ ಮದುವೆ ಮಂಟಪಕ್ಕೆ ಹೋದೆವು. ನನ್ನನ್ನೂ ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆ. ರಾತ್ರಿ ಗುಡುಗಿತ್ತು, ಕರೆಂಟು ಯಥಾಪ್ರಕಾರ ಸತ್ತಿತ್ತು. ಜನರೇಟರಿನವನು ಇನ್ನೂ ಸೋಮವಾರಪೇಟೆಯಿಂದ ಹೊರಟೇ ಇಲ್ಲವಂತೆ. ಮದುಮಗಳ ಕೋಣೆಯಲ್ಲಿ ಶೋಭಿತಾ ಕೆಂಪು ರೇಷ್ಮೆ ಉಟ್ಟು ಕೂತಿದ್ದಳು. ಬೊಳ್ಳಮ್ಮ ಕೈ ಕಟ್ಟಿಕೊಂಡು ನಿಂತಿದ್ದಳು. ನವೀನ ಬಾಗಿಲಿನಾಚೆ, ಗಂಡಸರಿಗೆ ಒಳಗೆ ಪ್ರವೇಶವಿಲ್ಲ.

ಕಾವ್ಯಶ್ರೀ ಡಬ್ಬಿ ತೆರೆದು ಸ್ವಿಚ್ಚು ಒತ್ತಿ ಶೋಭಿತಾಳ ಕೈಗೆ ಕೊಟ್ಟಳು. ಬೆಳಕು ಬಂತು. ಒಳ್ಳೆಯ ಬೆಳಕೇ.

ಟಿಕ್.

ಶೋಭಿತಾ ಡಬ್ಬಿಯನ್ನು ಮಡಿಲಿಗೆ ಕೆಡವಿ ಬೆನ್ನನ್ನು ಗೋಡೆಗೆ ಒತ್ತಿಕೊಂಡಳು.

ಟಿಕ್.

"ಎಂತ ಅದು? ಬೇಲಿಯಾ?"

ಕಾವ್ಯಶ್ರೀ ಬಿಳುಚಿಕೊಂಡಳು. ಅಂಗಡಿಯಲ್ಲಿ ಗೋಡೆಯ ತುಂಬ ಪೆಟ್ಟಿಗೆಗಳು ಟಿಕ್ ಟಿಕ್ ಅನ್ನುವಾಗ ಇದೊಂದರ ಸದ್ದು ಯಾರಿಗೆ ಕೇಳಿಸಬೇಕು? ಆ ಹಾಳು ಬೋರ್ಡು ಬೇಲಿಯನ್ನು ಬಿಟ್ಟು ಬಂದಿತ್ತು, ಬೇಲಿಯ ಚಾಳಿಯನ್ನು ಬಿಟ್ಟಿರಲಿಲ್ಲ.

"ನನ್ನ ಮಗಳ ಮುಖಕ್ಕೆ ಆನೆ ಬೇಲಿ ಹಿಡಿತೀಯಲ್ಲ ಕಾವ್ಯಾ!" ಬೊಳ್ಳಮ್ಮನ ದನಿ ಊಟದ ಹಾಲ್‌ವರೆಗೆ ಹೋಯಿತು.

ಬಾಗಿಲಿನಾಚೆಯಿಂದ ಡಿಸೈನರು ಕೂಗಿದ. "ಏನೂ ಆಗಲ್ಲ ಆಂಟೀ! ಬರೀ ಸದ್ದು! ಶಾಕ್ ಇಲ್ಲ!"

"ಮೊದಲು ನೀನು ಬಾಯಿ ಮುಚ್ಚೋ, ಅದೂ ಬರೀ ಸದ್ದೇ" ಅಂದೆ ನಾನು.

ಕಾವ್ಯಶ್ರೀ ಡಬ್ಬಿಯನ್ನು ತನ್ನ ಕೆನ್ನೆಗೆ ಒತ್ತಿ ತೋರಿಸಿದಳು. ಶೋಭಿತಾ ಹೌದೆಂದು ತಲೆಯಾಡಿಸಿ ಮತ್ತೆ ಕೈಗೆ ತೆಗೆದುಕೊಂಡಳು. ಆದರೆ ಪ್ರತಿ ಟಿಕ್ಕಿಗೂ ಅವಳ ರೆಪ್ಪೆ ಹಾರುತ್ತಿತ್ತು, ಭುಜ ಹಿಂದೆ ಹೋಗುತ್ತಿತ್ತು. ತೋಟದಲ್ಲಿ ಬೆಳೆದ ಮೈ, ಹೇಳಿದರೆ ಕೇಳುತ್ತದೆಯೇ? ಕಾವ್ಯಶ್ರೀ ಹುಬ್ಬಿನ ಹತ್ತಿರ ಒಯ್ದ ಬಣ್ಣದ ಕಡ್ಡಿಯನ್ನು ಹಾಗೇ ಹಿಂದಕ್ಕೆ ತಂದಳು. ಇನ್ನೊಮ್ಮೆ ಒಯ್ದಳು, ಇನ್ನೊಮ್ಮೆ ತಂದಳು. ಆ ಕಡ್ಡಿಯನ್ನು ಅವಳು ಕೆಳಗಿಟ್ಟರೆ ಅವಳ ಕೆಲಸವೂ ಅಲ್ಲೇ ಕೆಳಗೆ ಬಿತ್ತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಒಂದು ಹುಲ್ಲು ಕೊಡಿ" ಅಂದಳು ಶೋಭಿತಾ.

"ಎಂತ?" ಬೊಳ್ಳಮ್ಮ ಕೇಳಿದಳು.

"ಹುಲ್ಲು ಅವ್ವಾ, ಹಸಿ ಹುಲ್ಲು. ಒಮ್ಮೆ ಮುಟ್ಟಿಸಿ ನೋಡ್ತೇನೆ. ಮತ್ತೆ ಹೆದರೋದಿಲ್ಲ."

ಮಂಟಪದ ಸುತ್ತ ಸಿಮೆಂಟು, ಹುಲ್ಲು ಎಲ್ಲಿಂದ ಬರಬೇಕು? ನಾನೇ ಎದ್ದು ಅಡುಗೆಮನೆಗೆ ಹೋಗಿ, ಹಂದಿ ಸಾರಿನ ವಾಸನೆಗೆ ಮೂಗು ಮುಚ್ಚಿಕೊಂಡು, ಒಂದು ಉದ್ದನೆಯ ಕೊತ್ತಂಬರಿ ಕಡ್ಡಿ ಕಿತ್ತು ತಂದೆ. ಬಂಗಾರ ಹೇರಿಕೊಂಡ ಮದುಮಗಳು ಕೊತ್ತಂಬರಿ ಕಡ್ಡಿ ಹಿಡಿದು, ಉಸಿರು ಕಟ್ಟಿ, ಅದರ ತುದಿಯನ್ನು ಕನ್ನಡಿ ಡಬ್ಬಿಗೆ ತಾಗಿಸಿದಳು.

ಟಿಕ್. ಏನಿಲ್ಲ. ಟಿಕ್. ಏನಿಲ್ಲ.

ಶೋಭಿತಾ ನಕ್ಕುಬಿಟ್ಟಳು. "ಸತ್ತ ಬೇಲಿ ಇದು. ಹಚ್ಚಿ ಕಾವ್ಯಕ್ಕ."

ಆಮೇಲೆ ಅವಳ ರೆಪ್ಪೆ ಅಲ್ಲಾಡಲಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ಕೊತ್ತಂಬರಿ ಕಡ್ಡಿ. ಅದನ್ನು ಕೊನೆಯವರೆಗೆ ಬಿಡಲಿಲ್ಲ. ಕಾವ್ಯಶ್ರೀಯ ಕೈ ಹುಬ್ಬಿನ ಮೇಲೆ ಓಡಿದ್ದನ್ನು ನಾನು ಹತ್ತಿರದಿಂದ ನೋಡಿದೆ. ರಂಗೋಲಿಯ ಎಳೆ ಬಿಡುವಂಥ ಕೈ.

ಬೊಳ್ಳಮ್ಮ ಮಗಳನ್ನು ಹೊರಗೆ ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ ನೋಡಿದಳು. ದನ ಕೊಳ್ಳುವವರು ಅಷ್ಟು ನೋಡುವುದಿಲ್ಲ.

"ಎರಡೂ ಹುಬ್ಬು ಒಂದೇ ಊರಲ್ಲಿವೆ" ಅಂದಳು ಕೊನೆಗೆ. ಮಗಳ ಸೆರಗು ಸರಿಮಾಡಿ, "ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳದ್ದುಂಟು. ಬೇರೆ ಯಾರಿಗೂ ಮಾತು ಕೊಡಬೇಡ" ಅಂದಳು. ಕಾವ್ಯಶ್ರೀ ಬ್ರಷ್ಷುಗಳನ್ನು ಒರೆಸುತ್ತ ಕೂತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ನವೀನ ಮಾತ್ರ ಮಂಟಪದ ತುಂಬ ಓಡಾಡಿ, ಆ ಹುಬ್ಬುಗಳು ತನ್ನ ಡಿಸೈನು ಎಂದು ಹೇಳಿಕೊಂಡ. ಒಬ್ಬರಿಗೆ ತನ್ನ ಅಂಗಡಿಯ ಕಾರ್ಡನ್ನೂ ಕೊಟ್ಟ. ಹುಬ್ಬು ಬರೆದದ್ದು ಕೈ, ಡಬ್ಬಿಯಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಆ ಕಿವಿಗೆ ಟಿಕ್ಕೂ ಕೇಳಿಸುವುದಿಲ್ಲ, ಅಜ್ಜಿಯೂ ಕೇಳಿಸುವುದಿಲ್ಲ.

ಮಾರನೆಯ ದಿನ ಸದ್ದು ತೆಗೆಯುತ್ತೇನೆಂದು ಡಬ್ಬಿಯನ್ನು ಬಿಚ್ಚಿದ. ಮತ್ತೆ ಜೋಡಿಸಿದ. ಒಂದು ಸ್ಕ್ರೂ ಮಿಕ್ಕಿತು, ಟಿಕ್ ಟಿಕ್ ಹಾಗೇ ಇದೆ. ಈಗ ಕಾವ್ಯಶ್ರೀ ಮದುವೆಗೆ ಹೊರಟರೆ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ಕಿನ ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೊತ್ತಂಬರಿ ಕಟ್ಟೂ ಇರುತ್ತದೆ. ಮದುಮಗಳು ಮೊದಲು ಮುಟ್ಟಿಸಿ ನೋಡುತ್ತಾಳೆ, ನಗುತ್ತಾಳೆ, ಆಮೇಲೆ ಕೆಲಸ ಶುರು.

ಮನೆಯಲ್ಲಿ ಅವಳು ಆ ದರಿದ್ರ ಡಬ್ಬಿಯನ್ನು ಆರಿಸದೆ ಮೇಜಿನ ಮೇಲೆ ಬಿಟ್ಟು ಹೋಗುತ್ತಾಳೆ. ಮೇಜು ಒರೆಸಲು ಅದನ್ನು ಸರಿಸಬೇಕಲ್ಲ. ಸತ್ತ ಬೇಲಿಯೆಂದು ನನಗೂ ಗೊತ್ತು. ಆದರೆ ಮಾಡಿದವನು ನವೀನ. ಅಡುಗೆಮನೆಗೆ ಹೋಗಿ ಒಂದು ಕೊತ್ತಂಬರಿ ಕಡ್ಡಿ ತಂದೇ ಮುಟ್ಟುತ್ತೇನೆ.