ವರ್ಷಕ್ಕೊಂದು ತಲೆಮಾರು

ನನ್ನ ಸೋದರತ್ತೆಗೆ ಎಷ್ಟು ಜನ ಮೊಮ್ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನು ಹೆಂಡತಿಯ ಮುಖ ನೋಡುತ್ತೇನೆ. ಆದರೆ ಯಾವ ಪ್ರಾಸೆಸರಿನ ನಂತರ ಯಾವುದು ಬಂತು, ಯಾವುದು ಬೇಗ ಬಿಸಿಯಾಗಿ ಹೆಸರು ಕೆಡಿಸಿಕೊಂಡಿತು, ಯಾವುದು ಯಾವ ಮದರ್‌ಬೋರ್ಡಿಗೆ ಕೂರುತ್ತದೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವುದು ನನ್ನ ಹೊಟ್ಟೆಪಾಡು, ಇದು ಚಟ. ಇಪ್ಪತ್ತು ವರ್ಷಗಳಿಂದ ಬೆಳಗಿನ ಕಾಫಿಯ ಜೊತೆಗೆ ಹಾರ್ಡ್‌ವೇರ್ ಸುದ್ದಿ ಓದುತ್ತಾ ಬಂದಿದ್ದೇನೆ. ಈಚೆಗೆ ಕಾಫಿ ಮಾತ್ರ ರುಚಿಸುತ್ತಿದೆ.

ಏಕೆಂದರೆ ಸುದ್ದಿ ಬದಲಾಗುವುದಿಲ್ಲ. ಕಪ್ಪು ಅಂಗಿಯವನೊಬ್ಬ ವೇದಿಕೆಗೆ ಬಂದು, ಬೆರಳ ತುದಿಯಲ್ಲಿ ಬಿಸ್ಕತ್ತಿನಷ್ಟು ಚಿಪ್ಪನ್ನು ಎತ್ತಿ ತೋರಿಸಿ, ಇದು ಹೊಸ ತಲೆಮಾರು, ಇದು ಕ್ರಾಂತಿ ಎನ್ನುತ್ತಾನೆ. ಹೋದ ವರ್ಷದ ಕ್ರಾಂತಿಯನ್ನು ನಾನು ಇನ್ನೂ ಪೂರ್ತಿ ಓದಿ ಮುಗಿಸಿರುವುದಿಲ್ಲ. ಈಗಂತೂ ಎಲ್ಲೋ ದೂರದ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಕೃತಕ ಬುದ್ಧಿಯನ್ನು ಸಾಕುತ್ತಾರಂತೆ. ಇರುವ ಮೆಮೊರಿಯೆಲ್ಲ ಅದಕ್ಕೇ ಸಾಲದೆ ಬೆಲೆ ಏರಿ, ನಮ್ಮಂಥವರು ರ‍್ಯಾಮ್ ಮುಟ್ಟುವ ಹಾಗಿಲ್ಲ. ನನ್ನ ಯಂತ್ರಕ್ಕೇನೂ ಕೊರತೆಯಿಲ್ಲ. ಗಾಜಿನ ಪಕ್ಕೆ, ಬಣ್ಣದ ದೀಪ, ಆರು ಫ್ಯಾನು. ಅದು ಮಾಡುವ ಅತಿ ಭಾರದ ಕೆಲಸವೆಂದರೆ ತನಗಿಂತ ವೇಗದ ಯಂತ್ರಗಳ ಸುದ್ದಿಯನ್ನು ನನಗೆ ತೋರಿಸುವುದು.

ಸಲಹೆ ಕೇಳುವವರಿಂದಲೂ ಸಾಕಾಗಿದೆ. ಪಾವಗಡದ ಸಹೋದ್ಯೋಗಿಯೊಬ್ಬರಿಗೆ ಒಂದು ಮಧ್ಯಾಹ್ನವಿಡೀ ಲ್ಯಾಪ್‌ಟಾಪುಗಳ ತಾರತಮ್ಯ ವಿವರಿಸಿದೆ. ಕೊನೆಗೆ ಅವರು ನಾನು ಬೇಡವೆಂದದ್ದನ್ನೇ ತಂದು, "ರಂಗು ಬಾಗುಂದಿ ಸಾರ್" ಎಂದರು. ಬಣ್ಣ ಚೆನ್ನಾಗಿಯೇ ಇತ್ತು.

ಈ ಬೇಸರದಲ್ಲಿದ್ದಾಗಲೇ ಈರಣ್ಣನ ಫೋನು ಬಂದದ್ದು. ಈರಣ್ಣ ಹೆಳವರವನು. ಮನೆಮನೆಗೆ ಹೋಗಿ, ಆ ಮನೆಯವರ ವಂಶವನ್ನು ಮೂಲಪುರುಷನಿಂದ ಹಿಡಿದು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವುದು ಅವರ ಕುಲದ ಕೆಲಸ. ಇವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನು ಮೊಪೆಡ್ಡಿನಲ್ಲಿ ಬರುತ್ತಾನೆ. ಊರು ಬುಕ್ಕಾಪಟ್ಟಣದ ಹತ್ತಿರ. ಐದು ವರ್ಷದ ಕೆಳಗೆ, ಪುಸ್ತಕವನ್ನು ಇದರಲ್ಲಿ ಟೈಪು ಮಾಡಿಟ್ಟುಕೋ ಎಂದು, ನನ್ನ ಹಳೆಯ ಕಂಪ್ಯೂಟರನ್ನು ಇವನಿಗೇ ಕೊಟ್ಟಿದ್ದೆ. ಚೆನ್ನಾಗಿದೆಯಲ್ಲ, ಯಾಕೆ ಕೊಡುತ್ತೀರಿ ಎಂದು ಕೇಳಿದ. ಒಂಬತ್ತು ತಲೆಮಾರು ಹಿಂದಿನದು ಎಂದೆ. ಅವನು ಬೆರಳು ಮಡಿಸಿ ಎಣಿಸಿದ.

"ಒಂಬತ್ತು ತಲೆಮಾರ್ ಹಿಂದೆ ನಿಮ್ಮೋರು ಈ ಊರ್ಗೇ ಬಂದಿರ್ನಿಲ್ಲ ಸಾ."

ಈಗ ಫೋನಿನಲ್ಲಿ ಅವನು ಗಾಬರಿಯಾಗಿದ್ದ. ಕಂಪ್ಯೂಟರು ಹತ್ತಿದ ಎರಡೇ ನಿಮಿಷಕ್ಕೆ ಆರಿಹೋಗುತ್ತದಂತೆ. ನಾನು ಹೊಸ ಚಿಪ್ಪೊಂದರ ಸುದ್ದಿ ಓದುತ್ತಲೇ ಉತ್ತರ ಕೊಟ್ಟೆ: ಬಿಸಿಯಾಗುತ್ತಿರಬೇಕು, ಫ್ಯಾನು ಬಿಚ್ಚು, ಚಿಪ್ಪಿನ ಮೇಲೆ ಬೆಳ್ಳಗೆ ಒಣಗಿರುತ್ತದೆ, ಅದನ್ನು ಒರೆಸಿ ಹೊಸದಾಗಿ ಬಿಳೀದು ತೆಳ್ಳಗೆ ಹಚ್ಚು. ಸಂಜೆ ಮತ್ತೆ ಫೋನು. ಹಚ್ಚಿದೆ, ಈಗ ಐದು ನಿಮಿಷ ಓಡುತ್ತದೆ ಎಂದ. ಅಷ್ಟು ಬೇಗ ಎಲ್ಲಿ ಸಿಕ್ಕಿತು ಎಂದರೆ, ಮನೆಯಲ್ಲೇ ಇತ್ತು ಎಂದ. ಹೋಗಲಿ, ಪುಸ್ತಕಗಳಿವೆಯಲ್ಲ, ಗಾಬರಿ ಯಾಕೆ ಎಂದೆ. ಆಗ ಹೊರಬಿತ್ತು ವಿಷಯ. ಸೊಸೆ ಗಂಗಮ್ಮ ನಾಲ್ಕು ವರ್ಷ ಕೂತು ಎಲ್ಲವನ್ನೂ ಟೈಪು ಮಾಡಿದ್ದಳು. ಮುಗಿದ ಮೇಲೆ, ಗೆದ್ದಲು ಹಿಡಿದಿದ್ದ ಪುಸ್ತಕಗಳನ್ನು ಮೂಲೆಗೆ ಎಸೆಯಬಾರದೆಂದು ಪೂಜೆ ಮಾಡಿ, ಮನೆಮಂದಿಯೆಲ್ಲ ಹೋಗಿ ಕೆರೆಗೆ ಬಿಟ್ಟು ಬಂದಿದ್ದರು. ನೂರಾರು ಮನೆಗಳ ವಂಶ ನಾನು ಬೇಡವೆಂದು ಕೊಟ್ಟ ಆ ಡಬ್ಬದಲ್ಲಿ ಮಾತ್ರ ಉಳಿದಿತ್ತು. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಕೊಡುವಾಗ ನಾನು ಹೇಳಿರಲಿಲ್ಲ.

ಭಾನುವಾರ ಬೆಳಗ್ಗೆಯೇ ಶಿರಾಕ್ಕೆ ಹೋಗಿ, ಅಲ್ಲಿಂದ ಬುಕ್ಕಾಪಟ್ಟಣದ ಬಸ್ಸು ಹತ್ತಿದೆ. ಕ್ಯಾಬಿನೆಟ್ಟು ತೆಗೆದರೆ ಒಳಗೆ ಕೆಮ್ಮಣ್ಣು, ಕುರಿಯ ಕೂದಲು. ಫ್ಯಾನು ಎತ್ತಿದೆ. ಪ್ರಾಸೆಸರಿನ ನೆತ್ತಿಯ ಮೇಲೆ ನೀಟಾಗಿ ಮೂರು ಗೆರೆ ವಿಭೂತಿ, ನಡುವೆ ಒಂದು ಚುಕ್ಕೆ ಕುಂಕುಮ.

ಈರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. "ನೀವೇ ಅಂದ್ರಲ್ಲ ಸಾ, ಬಿಳೀದು ತೆಳ್ಳಗೆ ಹಚ್ಚು ಅಂತ. ನೆನೆಸಿ ಹಚ್ಚಿವ್ನಿ. ಹೆಚ್ಚಾಗ್ಬುಡ್ತಾ?"

ನನಗೆ ನಗು ಬರಲಿಲ್ಲ. ತಪ್ಪು ನನ್ನದು, ಆ ಮನೆಯಲ್ಲಿ ಬಿಳಿಯದೆಂದರೆ ಇನ್ನೇನು ಇದ್ದೀತು? ಒರೆಸಿ, ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸಲೆಂದು ನಾನು ತಂದಿದ್ದ ಬಿಳಿ ಪೇಸ್ಟು ಹಚ್ಚಿ, ಧೂಳು ಕೊಡವಿ ಸ್ವಿಚ್ಚು ಒತ್ತಿದೆ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಆರಲಿಲ್ಲ. ಎರಡು ಪೆನ್‌ಡ್ರೈವಿಗೆ ಇಳಿಸಿದೆ. ಅಷ್ಟು ಮನೆಗಳ ವಂಶವೆಲ್ಲ ಸೇರಿ ಮೊಬೈಲಿನ ಒಂದು ಫೋಟೋದಷ್ಟೂ ಜಾಗ ಹಿಡಿಯಲಿಲ್ಲ.

ಸರಿಯಾಗಿ ಬಂದಿದೆಯೋ ನೋಡೋಣ ಎಂದು ಗಂಗಮ್ಮ ನಮ್ಮ ಮನೆಯ ಪುಟ ತೆಗೆದಳು. ಈರಣ್ಣ ಕಣ್ಣು ಮುಚ್ಚಿ, ಮನೆಬಾಗಿಲಲ್ಲಿ ನಿಂತು ಹೇಳುವ ರಾಗದಲ್ಲೇ ಶುರುಮಾಡಿದ. ಅವನು ಬಾಯಲ್ಲಿ ಹೇಳುವುದು, ಅವಳು ಪರದೆಯಲ್ಲಿ ಬೆರಳಿಟ್ಟು ತಾಳೆ ನೋಡುವುದು. ಮುತ್ತಜ್ಜ, ಅಜ್ಜ, ಅಪ್ಪ, ಕೊನೆಗೆ ನಾನು. ಅವನು ನಿಲ್ಲಿಸಿದ. ಗಂಗಮ್ಮನ ಬೆರಳು ಮಾತ್ರ ಒಂದು ಸಾಲು ಹಿಂದೆಯೇ ನಿಂತಿತ್ತು.

"ಒಬ್ರನ್ನ ಬುಟ್ರಿ ಮಾವ. ಇವರಿಗಿಂತ ಮುಂಚೆ ಹೆಣ್ಣುಮಗು. ಪುಟ್ಟಗೌರಿ ಅಂತ. ಮೂರು ವರ್ಷಕ್ಕೇ ಹೋಗ್ಬುಡ್ತು."

ಹೆಳವರ ಪುಸ್ತಕದಲ್ಲಿ ಗಂಡುಸಂತಾನವನ್ನಷ್ಟೇ ಬರೆಯುತ್ತಿದ್ದದ್ದು. ಟೈಪು ಮಾಡುವಾಗ ಗಂಗಮ್ಮ ಮನೆಮನೆಗೂ ಹೋಗಿ ಹೆಂಗಸರನ್ನು ಕೇಳಿ ಹೆಣ್ಣುಮಕ್ಕಳನ್ನೂ ಸೇರಿಸಿದ್ದಳು. ಇದನ್ನು ಹೇಳಿದ್ದು ನನ್ನ ಅಮ್ಮನಂತೆ, ಅವಳು ತೀರಿಕೊಳ್ಳುವ ಹಿಂದಿನ ವರ್ಷ. ನನಗೊಬ್ಬ ಅಕ್ಕ ಇದ್ದಳೆಂದು ನನಗೆ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅವಳಿದ್ದಷ್ಟು ದಿನವೂ ಚಿಪ್ಪುಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಅಮ್ಮನ ಪಕ್ಕದ ಕೋಣೆಯಲ್ಲೇ ಕೂತಿದ್ದೆ. ಕಣ್ಣು ತುಂಬಿತು, ಸ್ಕ್ರೂ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

ಈರಣ್ಣನಿಗೆ ಅರ್ಥವಾಗಿರಬೇಕು. ಒಳಗೆ ಹೋಗಿ ಅದೇ ವಿಭೂತಿಯನ್ನು ನೆನೆಸಿ ತಂದ. ಮೊದಲು ಕ್ಯಾಬಿನೆಟ್ಟಿನ ಹೊರಗೆ, ಯಾರಿಗೂ ತೊಂದರೆಯಾಗದ ಕಡೆ, ಮೂರು ಗೆರೆ ಎಳೆದ. ಆಮೇಲೆ ನನ್ನ ಕಡೆ ತಿರುಗಿದ.

"ನಿಮ್ದೂ ಬಾಳ ಬಿಸಿಯಾಗೈತೆ ಸಾ. ಇಂಗೆ ಬನ್ನಿ."

ಹಣೆ ಕೊಟ್ಟೆ. ತಣ್ಣಗಾದದ್ದು ನಿಜ. ಎಷ್ಟು ಡಿಗ್ರಿ ಇಳಿಯಿತೆಂದು ಅಳೆಯಲು ಹೋಗಲಿಲ್ಲ.